ಬೆಳಗಾದರೆ ಮಂಡಿಯೂರುವ ಕಾರು: ನರಸಾಪುರದಿಂದ ಗಾಳಿ ಸಸ್ಪೆನ್ಷನ್‌ನ ಒಂದು ಚರಿತ್ರೆ

ಇವತ್ತಿನ ಸಂಚಿಕೆಯಲ್ಲಿ ರಾಜರಿಲ್ಲ, ಶಾಸನ ಇಲ್ಲ. ನಮ್ಮಣ್ಣನ ಕಾರು ಇದೆ. ಇದೇನು ಇತಿಹಾಸ ಅಂತ ಕೇಳ್ಬೇಡಿ, ಸ್ವಲ್ಪ ತಾಳ್ಮೆಯಿಂದ ಕೇಳಿ.

ನಮ್ಮೂರು ನರಸಾಪುರ. ಬೆಂಗಳೂರಿನಿಂದ ಚೆನ್ನೈ ಹೈವೇ ಹಿಡಿದರೆ ಹೊಸಕೋಟೆ ದಾಟಿ, ಕೋಲಾರ ಬರೋಕೆ ಮುಂಚೆ ಸಿಗುತ್ತೆ. ನಾನು ಚಿಕ್ಕವನಿದ್ದಾಗ ಇಲ್ಲಿ ಕಾಣಿಸ್ತಾ ಇದ್ದದ್ದು ರಾಗಿ, ಹಿಪ್ಪುನೇರಳೆ, ನೀರಿದ್ದವರ ಹೊಲದಲ್ಲಿ ಟೊಮೆಟೊ. ಆಮೇಲೆ ಕೈಗಾರಿಕಾ ಪ್ರದೇಶ ಬಂತು. ನಮ್ಮ ಎರಡೂ ಕಾಲು ಎಕರೆ ಅದರಲ್ಲಿ ಹೋಯಿತು. ಬಂದ ದುಡ್ಡಲ್ಲಿ ಅಕ್ಕನ ಮದುವೆ ಸಾಲ ತೀರಿತು, ಮನೆಗೆ ಮೇಲಂತಸ್ತು ಬಂತು, ಮಿಕ್ಕಿದ್ದರಲ್ಲಿ ಅಣ್ಣ ಒಂದು ಕಾರು ತಂದ. 2006ರ ಮಾಡೆಲ್, ವಿದೇಶಿ ಐಷಾರಾಮಿ ಕಾರು, ಮೂರನೇ ಕೈ. ಯಾವ ಕಂಪನಿ ಅಂತ ಹೇಳಲ್ಲ, ಬಿಡಿ. ಆ ವರ್ಷಗಳಲ್ಲಿ ನಮ್ಮ ಸುತ್ತಲ ಹಳ್ಳಿಗಳಲ್ಲಿ ಇಂಥ ಕಾರುಗಳು ಹುಲ್ಲಿನ ಬಣವೆ ಪಕ್ಕ ನಿಂತಿರೋದು ಹೊಸ ನೋಟ ಆಗಿರಲಿಲ್ಲ. ಬೆಂಗಳೂರಿನವರು ನೋಡಿ ನಗ್ತಿದ್ದರು. ನಗೋದು ಸುಲಭ.

ಆ ಕಾರು ಈಗ ರಾತ್ರಿ ನೆಟ್ಟಗೆ ನಿಲ್ಲುತ್ತೆ, ಬೆಳಗಾದರೆ ಮುಂದಿನ ಎಡಗಾಲು ಮಂಡಿಯೂರಿರುತ್ತೆ. ಚಕ್ರದ ಮೇಲೆ ಮಡ್‌ಗಾರ್ಡ್ ಕೂತಿರುತ್ತೆ, ಮಧ್ಯೆ ಬೆರಳು ತೂರಲ್ಲ. ಸ್ಟಾರ್ಟ್ ಮಾಡಿದರೆ ಹೊಟ್ಟೆಯೊಳಗೆ ಒಂದು ಮೋಟಾರು ಗೊರಗೊರ ಅಂದು ಐದಾರು ನಿಮಿಷಕ್ಕೆ ಎತ್ತಿ ನಿಲ್ಲಿಸ್ತಿತ್ತು. ಹೋದ ಡಿಸೆಂಬರ್‌ನಲ್ಲಿ ಅದೂ ನಿಂತುಹೋಯಿತು. ಬೆಂಗಳೂರಿನ ಒಂದು ವರ್ಕ್‌ಶಾಪಿನಲ್ಲಿ ಅಂದಾಜು ಕೇಳಿದರೆ, ನಾಲ್ಕೂ ಮೂಲೆಗೆ ಹೊಸ ಸ್ಟ್ರಟ್, ಹೊಸ ಕಂಪ್ರೆಸರ್, ಎಲ್ಲಾ ಸೇರಿ ಐದೂವರೆ ಲಕ್ಷ. ಕಾರು ಮಾರಿದರೆ ಮೂರೂ ಬರಲ್ಲ. ಗುಜರಿಗೆ ಹಾಕು ಅಂತ ನಾನೇ ಹೇಳಿದೆ. ಅಣ್ಣ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಗಾಳಿಯ ಮೇಲೆ ಗಾಡಿ ನಿಲ್ಲಿಸೋ ಯೋಚನೆ ಹೊಸದಲ್ಲ. ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್ 1845ರಲ್ಲೇ ಗಾಳಿ ತುಂಬಿದ ಚಕ್ರಕ್ಕೆ ಪೇಟೆಂಟ್ ತೆಗೊಂಡಿದ್ದ. ಅದು ಮರೆತುಹೋಗಿ, 1888ರಲ್ಲಿ ಡನ್‌ಲಪ್ ಮತ್ತೆ ಕಂಡುಹಿಡಿದ ಮೇಲೆ ಲೋಕಕ್ಕೆ ಟೈರು ಬಂತು. ಟೈರಿನಲ್ಲಿ ಗಾಳಿ ಹಾಕಬಹುದಾದರೆ ಸ್ಪ್ರಿಂಗ್ ಬದಲಿಗೂ ಗಾಳಿಯನ್ನೇ ಯಾಕೆ ಇಡಬಾರದು? 1901ರಲ್ಲಿ ವಿಲಿಯಂ ಹಂಫ್ರೀಸ್ ಅನ್ನೋನು ಅಮೆರಿಕದಲ್ಲಿ ಇದಕ್ಕೂ ಪೇಟೆಂಟ್ ಪಡೆದ. ಕಮ್ಮಾರನ ಕುಲುಮೆಯ ತಿದಿ ಗೊತ್ತಲ್ಲ, ಅದರ ಬಾಯಿ ಮುಚ್ಚಿ ಮೇಲೆ ಭಾರ ಇಟ್ಟ ಹಾಗೆ.

ಇದರಿಂದ ಏನು ಲಾಭ ಅಂದರೆ, ಉಕ್ಕಿನ ಪಟ್ಟಿಗೆ ಒಂದೇ ಸ್ವಭಾವ. ನಲವತ್ತೈದು ಜನ, ಟಾಪಿನ ಮೇಲೆ ಮೂಟೆಗಳು ಅಂತ ಲೆಕ್ಕ ಹಾಕಿ ಗಟ್ಟಿ ಮಾಡಿದರೆ, ಬಸ್ ಖಾಲಿ ಇದ್ದಾಗ ಹಲ್ಲು ಕಟಕಟ ಅನ್ನುತ್ತೆ. ಖಾಲಿ ಬಸ್ಸಿಗೆ ಮೆತ್ತಗೆ ಮಾಡಿದರೆ, ಜನ ಹತ್ತಿದಾಗ ಕೂತುಬಿಡುತ್ತೆ. ಗಾಳಿಗೆ ಈ ಕಷ್ಟ ಇಲ್ಲ. ಭಾರ ಜಾಸ್ತಿಯಾದರೆ ಇನ್ನಷ್ಟು ಗಾಳಿ ತುಂಬು, ಇಳಿದರೆ ಬಿಡು. ಎತ್ತರ ಯಾವಾಗಲೂ ಅಷ್ಟೇ.

ಬಸ್ಸಿನವರು ಇದನ್ನ ಬೇಗ ಹಿಡಿದರು. ಅಮೆರಿಕದ ಗ್ರೇಹೌಂಡ್ ಕಂಪನಿಗೆ ಜನರಲ್ ಮೋಟರ್ಸ್ 1954ರಲ್ಲಿ ಕಟ್ಟಿಕೊಟ್ಟ ಸೀನಿಕ್ರೂಸರ್ ಬಸ್ಸು ಗಾಳಿಯ ಮೇಲೇ ಓಡಿತು. ಅದನ್ನ ನೋಡಿ ಕಾರಿನವರಿಗೂ ಆಸೆ ಆಯಿತು. 1957ರ ಕ್ಯಾಡಿಲಾಕ್ ಎಲ್ಡೊರಾಡೊ ಬ್ರೂಮ್, ಬೆಲೆ 13,074 ಡಾಲರ್, ಆಗಿನ ಕಾಲಕ್ಕೆ ಕಣ್ಣು ಕುಕ್ಕೋ ದುಡ್ಡು. ನಾಲ್ಕೂ ಚಕ್ರಕ್ಕೆ ಗಾಳಿಯ ಗುಮ್ಮಟ. ಮರುವರ್ಷ ಅದೇ ಸಮೂಹದ ಬೇರೆ ಕಾರುಗಳಿಗೂ ಹೆಚ್ಚು ದುಡ್ಡಿಗೆ ಈ ಸೌಲಭ್ಯ ಬಂತು. ಆದರೆ ಗಾಳಿ ಸೋರಿತು. ಪೈಪಿನಲ್ಲಿ ನೀರಿನ ಪಸೆ ಸೇರಿ ಚಳಿಗೆ ಹೆಪ್ಪುಗಟ್ಟಿತು. ಬೆಳಗ್ಗೆ ಎದ್ದು ನೋಡಿದರೆ ಕಾರು ನೆಲ ಕಚ್ಚಿರುತ್ತಿತ್ತು. ಮಾಲೀಕರು ಎಷ್ಟೋ ಜನ ಅದನ್ನ ಕಿತ್ತು ಉಕ್ಕಿನ ಸುರುಳಿ ಸ್ಪ್ರಿಂಗ್ ಹಾಕಿಸಿಕೊಂಡರು. ನಮ್ಮನೆ ಅಂಗಳದ ದೃಶ್ಯಕ್ಕೆ ಹೆಚ್ಚೂ ಕಡಿಮೆ ಎಪ್ಪತ್ತು ವರ್ಷ ಆಗಿದೆ ಅಂತಾಯ್ತು.

ಯುರೋಪಿನವರು ಬಿಡಲಿಲ್ಲ. ಫ್ರಾನ್ಸಿನ ಸಿಟ್ರೊಯೆನ್ 1955ರಲ್ಲೇ ಡಿಎಸ್ ಕಾರಿನಲ್ಲಿ ಎಣ್ಣೆ ಮತ್ತು ಅನಿಲ ಎರಡನ್ನೂ ಸೇರಿಸಿ ಬೇರೆ ದಾರಿ ಹಿಡಿದಿತ್ತು. ಮರ್ಸಿಡಿಸ್ 1961ರಲ್ಲಿ 300 ಎಸ್‌ಇಗೆ, 1963ರಲ್ಲಿ ದೊಡ್ಡ 600ಕ್ಕೆ ಗಾಳಿ ಸಸ್ಪೆನ್ಷನ್ ಕೊಟ್ಟಿತು. ಎಲೆಕ್ಟ್ರಾನಿಕ್ಸ್ ಬಂದ ಮೇಲೆ 1984ರ ಲಿಂಕನ್, 1992ರ ರೇಂಜ್ ರೋವರ್, 1998ರ ಎಸ್-ಕ್ಲಾಸ್ ಅಂತ ಸಾಲು ಬೆಳೆಯಿತು. ಇದೆಲ್ಲ ಕೋಟ್ಯಧಿಪತಿಗಳ ಕಥೆ. ನಮ್ಮ ಕಡೆ ಕಥೆ ಬೇರೆ ರೀತಿ ನಡೆಯಿತು.

ಕೋಲಾರದ ಜನಕ್ಕೆ ಒತ್ತಿದ ಗಾಳಿ ಹೊಸದೇನಲ್ಲ. ಕೆಜಿಎಫ್ ಗಣಿಯೊಳಗೆ ಬಂಡೆ ಕೊರೀತಿದ್ದ ಡ್ರಿಲ್‌ಗಳು ಒತ್ತಿದ ಗಾಳಿಯಿಂದಲೇ ಓಡ್ತಿದ್ದವು. ನಮ್ಮ ತಲೆಮಾರಿಗೆ ಕಂಪ್ರೆಸರ್ ಅಂದರೆ ಬೋರ್‌ವೆಲ್. ಸಾವಿರ ಅಡಿ ಕೊರೆಸಿದ ಮೇಲೆ ಕಂಪ್ರೆಸರ್ ಬಿಟ್ಟು ಕೆಸರು ಹೊರಗೆ ತಳ್ಳಿಸಿದಾಗಲೇ ನೀರಿದೆಯೋ ಧೂಳಿದೆಯೋ ಗೊತ್ತಾಗ್ತಿದ್ದದ್ದು. ಆದರೆ ಗಾಳಿಯ ಮೇಲೆ ಕೂತು ಪ್ರಯಾಣ ಮಾಡೋದನ್ನ ನಮಗೆ ಕಲಿಸಿದ್ದು ಬಸ್ಸು. 1998ರಲ್ಲಿ ಪಕ್ಕದ ಹೊಸಕೋಟೆ ಹತ್ತಿರ ವೋಲ್ವೊ ಟ್ರಕ್ ಕಾರ್ಖಾನೆ ಶುರುವಾಯಿತು. 2001ರಲ್ಲಿ, ಅಂದರೆ ಕೆಜಿಎಫ್ ಗಣಿ ಮುಚ್ಚಿದ ವರ್ಷವೇ, ಆ ಕಂಪನಿಯ ಬಿ7ಆರ್ ಬಸ್ಸು ಭಾರತದ ರಸ್ತೆಗೆ ಬಂತು. ಕೆಎಸ್‌ಆರ್‌ಟಿಸಿ ವೋಲ್ವೊ ಬಸ್ಸಿಗೆ ಐರಾವತ ಅಂತ ಹೆಸರಿಟ್ಟಿತು. ಮೊದಲ ಸಲ ಕೂತಾಗ ಹಂಪ್ ಬಂದದ್ದೇ ತಿಳಿಯಲಿಲ್ಲ ಅಂತ ನಮ್ಮ ಮಾವ ವಾರಗಟ್ಟಲೆ ಹೇಳಿಕೊಂಡು ತಿರುಗಿದರು. ಆಮೇಲೆ ಬಿಎಂಟಿಸಿಯ ವಜ್ರ ಬಂತು. ಸ್ಟಾಪಿನಲ್ಲಿ ನಿಂತು 'ಉಸ್ಸ್' ಅಂತ ಒಂದು ಪಕ್ಕ ಬಗ್ಗಿ ಅಜ್ಜಿಯರನ್ನ ಹತ್ತಿಸಿಕೊಳ್ಳೋದು, ನೋಡಿರ್ತೀರಿ. ಆ ಸದ್ದೇ ಗಾಳಿ ಸಸ್ಪೆನ್ಷನ್.

ಇನ್ನು ನರಸಾಪುರಕ್ಕೆ ಬಂದರೆ, 2013ರಲ್ಲಿ ಹೋಂಡಾದ ಸ್ಕೂಟರ್, ಬೈಕ್ ಕಾರ್ಖಾನೆ ಇಲ್ಲಿ ಶುರುವಾಯಿತು. ಸ್ವೀಡನ್ನಿನ ಸ್ಕ್ಯಾನಿಯಾ ಮೊದಲು ಟ್ರಕ್, 2015ರಲ್ಲಿ ಬಸ್ ಕಟ್ಟೋಕೆ ಶುರು ಮಾಡಿತು. ಹಿಂದೆ ನಾವು ಸೊಪ್ಪು ಕೊಯ್ತಿದ್ದ ಕಡೆ ಗಾಳಿ ಮೇಲೆ ನಿಲ್ಲೋ ಬಸ್ಸು ತಯಾರಾದವು. ಆ ಬಸ್ ಘಟಕ ಕೆಲವೇ ವರ್ಷಗಳಲ್ಲಿ ಮುಚ್ಚಿತು. ಬಸ್ಸುಗಳು ಮಾತ್ರ ಓಡ್ತಾ ಇದ್ದವು, ಅವನ್ನ ರಿಪೇರಿ ಮಾಡೋರೂ ಈ ಹೈವೇ ಉದ್ದಕ್ಕೂ ಹುಟ್ಟಿಕೊಂಡರು.

ಅಂಥವರಲ್ಲಿ ಒಬ್ಬರು, ಎಲ್ಲರೂ ಭಾಯ್ ಅಂತಲೇ ಕರೀತಾರೆ, ಹೈವೇ ಪಕ್ಕದ ಶೆಡ್ಡಿನಲ್ಲಿ ಕೆಲಸ ಮಾಡ್ತಾರೆ. ಮುಂಚೆ ಒಂದು ಟ್ರಾವೆಲ್ಸಿನ ಡಿಪೋದಲ್ಲಿ ಹದಿನೈದು ವರ್ಷ ಬರೀ ಮಲ್ಟಿ ಆಕ್ಸಲ್ ಬಸ್ಸು ನೋಡಿದವರು. ಅಣ್ಣ ಕೊನೇ ಪ್ರಯತ್ನ ಅಂತ ಅವರನ್ನ ಮನೆಗೆ ಕರ್ಕೊಂಡು ಬಂದ. ಅವರು ಬಾನೆಟ್ ಎತ್ತಲೂ ಇಲ್ಲ. ಮೊದಲು ಕೇಳಿದ್ದು, "ಕಂಪ್ರೆಸರ್ ಯಾವಾಗ ಹಾಕ್ಸಿದ್ರಿ ಗೌಡ್ರೇ?"

"ಹೋದ ವರ್ಷವೇ ಹೊಸದು. ಎಂಟು ತಿಂಗಳಿಗೆ ಮತ್ತೆ ಹೋಯ್ತು."

"ಅದು ಹೋಗಿಲ್ಲ. ಸೋರೋ ಬಿಂದಿಗೆಗೆ ನೀರು ತುಂಬಿ ತುಂಬಿ ಸುಸ್ತಾಗಿ ಸತ್ತಿದೆ."

ಇಲ್ಲಿ ಸ್ವಲ್ಪ ನಿಂತು ಹೇಳ್ತೀನಿ, ಯಾಕಂದ್ರೆ 1957ರ ಕಾರು ಸೋತಲ್ಲಿ ಬಸ್ಸು ಯಾಕೆ ಗೆದ್ದಿತು ಅನ್ನೋದು ಈ ಮಾತಿನಲ್ಲೇ ಇದೆ. ಬಸ್ಸಿನಲ್ಲಿ ಏರ್ ಬ್ರೇಕಿಗೆ ಅಂತ ಇಂಜಿನ್ನೇ ಓಡಿಸೋ ದೊಡ್ಡ ಕಂಪ್ರೆಸರ್, ದೊಡ್ಡ ಟ್ಯಾಂಕು ಮೊದಲೇ ಇರುತ್ತೆ. ಎಲ್ಲೋ ಚೂರು ಸೋರಿದರೂ ಲೆಕ್ಕಕ್ಕಿಲ್ಲ, ಅದು ತುಂಬ್ತಾನೇ ಇರುತ್ತೆ. ಡಿಪೋದಲ್ಲಿ ಬಸ್ಸಿನ ಕೆಳಗೆ ಇಣುಕೋ ಮನುಷ್ಯ ಇರ್ತಾನೆ. ಕಾರಿನಲ್ಲಿ ಇರೋದು ಬ್ಯಾಟರಿಯಿಂದ ಓಡೋ ಪುಟ್ಟ ಕಂಪ್ರೆಸರ್. ಒಂದು ಸಲಕ್ಕೆ ಸ್ವಲ್ಪ ಹೊತ್ತು ಓಡಿ ತಣ್ಣಗಾಗಲಿ ಅಂತ ಮಾಡಿರೋದು. ರಬ್ಬರ್ ಚೀಲ ಸೋರೋಕೆ ಶುರುವಾದರೆ ಅದು ನಿಮಿಷಗಟ್ಟಲೆ ಓಡಿ ಕಾಯುತ್ತೆ, ಪಿಸ್ಟನ್ ರಿಂಗ್ ಸವೆಯುತ್ತೆ, ರಿಲೇ ಸುಡುತ್ತೆ. ಸತ್ತದ್ದು ಕಂಪ್ರೆಸರ್, ಆದ್ದರಿಂದ ಕಂಪ್ರೆಸರ್ ಬದಲಾಯಿಸ್ತಾರೆ. ಸೋರಿಕೆ ಅಲ್ಲೇ ಇರುತ್ತೆ. ಹೊಸದೂ ಅದೇ ದಾರಿ ಹಿಡಿಯುತ್ತೆ.

ಭಾಯ್ ಮಾಡಿದ್ದು ಹೀಗೆ. ಶೆಡ್ಡಿನಿಂದ ಹಳೇ ಕಂಪ್ರೆಸರ್ ತಂದು ತಾತ್ಕಾಲಿಕವಾಗಿ ಜೋಡಿಸಿ ಕಾರನ್ನ ಎತ್ತಿದರು. ಮಟ್ಟದ ನೆಲದಲ್ಲಿ ನಿಲ್ಲಿಸಿ, ದರ್ಜಿ ಟೇಪಿನಿಂದ ನಾಲ್ಕೂ ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳೆದು ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದರು. ಆಮೇಲೆ ಸಸ್ಪೆನ್ಷನ್ನಿನ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡರು. ಯಾಕೆ ಅಂತ ಕೇಳಿದೆ. ಇಂಥ ಕಾರು ರಾತ್ರಿ ತಾನಾಗೇ ಎಚ್ಚರ ಆಗಿ, ಒಂದು ಮೂಲೆ ಇಳಿದಿದ್ದರೆ ಮಿಕ್ಕವನ್ನೂ ಇಳಿಸಿ ಸಮ ಮಾಡಿಬಿಡುತ್ತಂತೆ. ಬೆಳಗ್ಗೆ ನೋಡಿದರೆ ನಾಲ್ಕೂ ಕೆಳಗೆ. ಕಳ್ಳ ಯಾರು ಅಂತ ತಿಳಿಯಲ್ಲ, ನಾಲ್ಕಕ್ಕೂ ಬಿಲ್ ಆಗುತ್ತೆ.

ಬೆಳಗ್ಗೆ ಅಳೆದಾಗ ಮುಂದಿನ ಎಡಗಡೆ ನಾಲ್ಕು ಇಂಚು ಇಳಿದಿತ್ತು. ಹಿಂದಿನ ಬಲಗಡೆ ಮುಕ್ಕಾಲು ಇಂಚು. ಮಿಕ್ಕ ಎರಡು ಅಲ್ಲಾಡಿರಲಿಲ್ಲ. ಮತ್ತೆ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟರು. ಸ್ಟ್ಯಾಂಡ್ ಕೊಡೋವರೆಗೂ ಅಣ್ಣನ ಮಗ ಹತ್ತಿರ ಸುಳಿಯದ ಹಾಗೆ ಗದರಿಸಿ ದೂರ ನಿಲ್ಲಿಸಿದ್ದರು. ಚೀಲ ಒಡೆದರೆ ಎರಡು ಟನ್ ಕಾರು ಕಣ್ಣು ಮಿಟುಕಿಸೋದರಲ್ಲಿ ಕೂರುತ್ತೆ, ಕೈ ತೆಗೆಯೋಕೆ ಟೈಮ್ ಸಿಗಲ್ಲ. ಡಿಪೋದಲ್ಲಿ ಒಬ್ಬ ಹುಡುಗನ ಬೆರಳು ಹೋದದ್ದನ್ನ ಕಂಡವರು ಅವರು.

ಆಮೇಲೆ ಬಕೆಟ್ಟಿನಲ್ಲಿ ಸೋಪಿನ ಪುಡಿ ಕಲೆಸಿ, ಪಂಕ್ಚರ್ ಅಂಗಡಿ ವಿದ್ಯೆ. ಬಸ್ಸಿನವರು ಈ ರಬ್ಬರ್ ಚೀಲಕ್ಕೆ ಬೆಲ್ಲೋಸ್ ಅಂತಾರೆ. ಎಡಗಡೆ ಬೆಲ್ಲೋಸ್ ಮಡಚಿಕೊಳ್ಳೋ ಜಾಗದಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕುಗಳ ಸಾಲು, ಅಲ್ಲೆಲ್ಲ ನೊರೆ. ಚಳಿಗೆ ರಬ್ಬರ್ ಬಿರುಸಾಗಿ ಸೋರಿಕೆ ಹೆಚ್ಚಾಗುತ್ತೆ, ಅದಕ್ಕೇ ಡಿಸೆಂಬರ್‌ನಲ್ಲಿ ಕೈ ಕೊಟ್ಟಿದ್ದು. ಹಿಂದಿನ ಬಲಗಡೆ ಚೀಲ ಸರಿಯಿತ್ತು. ಗಾಳಿಯನ್ನ ನಾಲ್ಕು ಕಡೆಗೆ ಹಂಚೋ ವಾಲ್ವ್ ಬ್ಲಾಕಿಗೆ ಪೈಪು ಸೇರೋ ಜಾಗದಲ್ಲಿ ಒಂದೇ ಒಂದು ಗುಳ್ಳೆ, ಎದ್ದು ಒಡೆದು ಮತ್ತೆ ಎದ್ದಿತು. ಭಾಯ್ ಅದನ್ನ ನೋಡಿ ನಕ್ಕರು. ಕಂಪ್ರೆಸರ್ ಪಕ್ಕದ ಡ್ರೈಯರ್ ಬಿಚ್ಚಿದರೆ ಒಳಗಿನ ಸಿಲಿಕಾ ಹರಳು ನೆನೆದು ಮುದ್ದೆ. ಅಮೆರಿಕದ ಆ ಕಾರುಗಳ ಪೈಪಿನಲ್ಲಿ ಹೆಪ್ಪುಗಟ್ಟಿದ್ದೂ ಇದೇ ಪಸೆ.

ಆಗ ಭಾಯ್ ಒಂದು ಪ್ರಶ್ನೆ ಇಟ್ಟರು. "ಗೌಡ್ರೇ, ಇನ್ನೊಂದು ದಾರಿ ಇದೆ. ಎಲ್ಲಾ ಕಿತ್ತಾಕಿ ಕಾಯಿಲ್ ಸ್ಪ್ರಿಂಗ್ ಹಾಕಿಬಿಡ್ತೀನಿ. ತಲೆನೋವು ಇರಲ್ಲ. ಆದರೆ ಗಾಡಿ ಆ ಗಾಡಿ ಆಗಿರಲ್ಲ." ಅಮೆರಿಕದ ಮಾಲೀಕರು ಮಾಡಿದ್ದೂ ಇದನ್ನೇ. ನಾನು ತಕ್ಷಣ ಹೂಂ ಅಂದೆ.

ಅಣ್ಣ ಒಪ್ಪಲಿಲ್ಲ. ಜಗಲಿ ಮೇಲೆ ಕೂತು ಬಹಳ ಹೊತ್ತು ಬಿಟ್ಟು ಹೇಳಿದ. "ಅಪ್ಪ ಇದ್ದಿದ್ರೆ ಜಮೀನಿನ ದುಡ್ಡು ಏನಾಯ್ತು ಅಂತ ಕೇಳೋರು. ಮದುವೆ ಸಾಲ ತೋರಿಸೋಕಾಗುತ್ತಾ? ಮೇಲಂತಸ್ತು ಬಾಡಿಗೆಯವರದ್ದು. ತೋರಿಸೋಕೆ ಇರೋದು ಇದೊಂದು. ಇದನ್ನೂ ಅರ್ಧ ಮಾಡಿ ಇಟ್ಕೊಳ್ಳಲಾ?" ಐದೂವರೆ ಲಕ್ಷದ ಲೆಕ್ಕ ಹಾಕ್ತಾ ಕೂತಿದ್ದ ನನಗೆ ಈ ಲೆಕ್ಕ ಹೊಳೆದಿರಲಿಲ್ಲ. ಒಪ್ಪುತ್ತೀನೋ ಇಲ್ಲವೋ ಬೇರೆ ಮಾತು. ಗುಜರಿ ಅನ್ನೋ ಪದ ಆಮೇಲೆ ನನ್ನ ಬಾಯಿಂದ ಬರಲಿಲ್ಲ.

ಎಡಗಡೆ ಸ್ಟ್ರಟ್ಟಿಗೆ ಬೇರೆ ರಬ್ಬರ್ ಕೂರಿಸಿದ್ದು ಬೆಂಗಳೂರಿನಿಂದ ಬಂತು. ವಾಲ್ವ್ ಬ್ಲಾಕಿನ ಫಿಟಿಂಗ್ ಹೊಸದು. ಕಂಪ್ರೆಸರ್ ಬಿಸಾಡಲಿಲ್ಲ, ಪಿಸ್ಟನ್ ರಿಂಗ್ ಬದಲಾಯಿಸಿ, ಡ್ರೈಯರಿಗೆ ಹೊಸ ಹರಳು ತುಂಬಿದರು. ರಿಲೇ ಬಿಚ್ಚಿ ತೋರಿಸಿದರು, ಒಳಗಿನ ಪಾಯಿಂಟು ಕರಗಿ ಅಂಟಿಕೊಂಡಿತ್ತು. ಅದನ್ನ ಹಾಗೇ ಬಿಟ್ಟಿದ್ದರೆ ಕಾರು ಆಫ್ ಆದ ಮೇಲೂ ಕಂಪ್ರೆಸರ್ ಓಡಿ ಮತ್ತೆ ಸುಡ್ತಿತ್ತು. ಕೂಲಿ ಸೇರಿ ಎಪ್ಪತ್ತೆರಡು ಸಾವಿರ. ಕಮ್ಮಿ ಅಲ್ಲ, ಅಣ್ಣ ಎರಡು ಕಂತಿನಲ್ಲಿ ಕೊಟ್ಟ.

ಹೋದ ಭಾನುವಾರ ಅದೇ ಕಾರಿನಲ್ಲಿ ಅಮ್ಮನನ್ನ ಕೂರಿಸಿಕೊಂಡು ಕೋಲಾರಕ್ಕೆ ಹೋಗಿ ಬಂದೆವು. ಬರೋವಾಗ ಕಾರ್ಖಾನೆ ಶಿಫ್ಟ್ ಬಿಟ್ಟ ಹೊತ್ತು, ರಸ್ತೆ ತುಂಬ ಕಂಪನಿ ಬಸ್ಸುಗಳು. ಬಹಳಷ್ಟು ಪಟ್ಟಿ ಸ್ಪ್ರಿಂಗಿನವು, ಹಂಪಿನಲ್ಲಿ ಎಗರಿ ಎಗರಿ ಬೀಳ್ತಿದ್ದವು, ಕಿಟಕಿಗೆ ತಲೆ ಆನಿಸಿ ಮಲಗಿದ್ದ ಹುಡುಗಿಯರು ಬೆಚ್ಚಿ ಏಳ್ತಿದ್ದರು. ಅಮ್ಮ ಹಿಂದಿನ ಸೀಟಿನಲ್ಲಿ ಏನೂ ಗೊತ್ತಾಗದೆ ನಿದ್ದೆ ಮಾಡ್ತಾ ಇದ್ದಳು.

ಗೋಡೆ ಮೇಲಿನ ಸೀಮೆಸುಣ್ಣದ ಲೆಕ್ಕವನ್ನ ಅಣ್ಣ ಅಳಿಸಿಲ್ಲ. ದಿನಾ ಬೆಳಗ್ಗೆ ಹಾಲು ಕರೆದ ಮೇಲೆ ಟೇಪ್ ಹಿಡಿದು ಹೋಗ್ತಾನೆ. ಹಿಂದಿನ ಬಲಗಡೆ ಇನ್ನೂ ಕಾಲಿಂಚು ಇಳೀತಿದೆಯಂತೆ. ಭಾಯ್‌ಗೆ ಫೋನ್ ಮಾಡಿದರೆ, ಚಳಿ ಹೋಗಲಿ, ಆಮೇಲೆ ನೋಡೋಣ ಅಂದರಂತೆ.