ಪಾರ್ಕಿನ ಮಧ್ಯೆ ಸ್ಟೀಲ್ ಪ್ಲಾಂಟ್ ಯಾಕಿದೆ?

ಶಿಕಾಗೋಗೆ ಆನ್‌ಸೈಟ್ ಹೋದವರಲ್ಲಿ ಕೆಲವರು ವೀಕೆಂಡಲ್ಲಿ ಸೌತ್ ಶೋರ್ ರೈಲು ಹತ್ತಿ ಇಂಡಿಯಾನಾ ಡ್ಯೂನ್ಸ್ ನೋಡಿರ್ತೀರಿ. ಮಿಷಿಗನ್ ಸರೋವರದ ದಡದಲ್ಲಿ ಬೀಚು, ಮರಳುದಿಬ್ಬ, ಟೆಂಟ್ ಹಾಕೋಕೆ ಜಾಗ, ಎಲ್ಲಾ ಇದೆ. ಆದರೆ ಪಶ್ಚಿಮಕ್ಕೆ ತಿರುಗಿದರೆ ಕಣ್ಣಿಗೆ ಬೀಳೋದು ಉಕ್ಕಿನ ಕಾರ್ಖಾನೆ. ಅದು ಅಲ್ಲಿ ಹೇಗೆ ಬಂತು ಅನ್ನೋದೇ ಈ ಪಾರ್ಕಿನ ಚರಿತ್ರೆ.

1899ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಹೆನ್ರಿ ಕೌಲ್ಸ್ ಈ ದಿಬ್ಬಗಳ ಸಸ್ಯಗಳ ಬಗ್ಗೆ ಬರೆದ. ನೀರಿನಿಂದ ಒಳಕ್ಕೆ ನಡೀತಾ ಹೋದರೆ ಮೊದಲು ಬರೀ ಮರಳು, ಆಮೇಲೆ ಹುಲ್ಲು, ಪೊದೆ, ಕೊನೆಗೆ ಓಕ್ ಕಾಡು. ದಡದ ಹತ್ತಿರದ ದಿಬ್ಬ ಹೊಸದು, ಒಳಗಿನದು ಹಳೇದು. ನಮ್ಮ ಭಾಷೇಲಿ ಹೇಳೋದಾದ್ರೆ, ನಡೀತಾ ನಡೀತಾ ಗಿಟ್ ಲಾಗ್ ಓದಿದ ಹಾಗೆ. ಇಕಾಲಜಿ ಅನ್ನೋ ಶಾಸ್ತ್ರ ಬೆಳೆಯೋದಕ್ಕೆ ಈ ಮರಳು ದೊಡ್ಡ ಆಧಾರವಾಯ್ತು.

ಅದೇ ಕಾಲಕ್ಕೆ ಮರಳು ಲಾರಿಯಲ್ಲ, ರೈಲು ಹತ್ತಿ ಹೋಗ್ತಿತ್ತು. ಮಿಷಿಗನ್ ಸಿಟಿ ಪಕ್ಕದ ಹೂಸಿಯರ್ ಸ್ಲೈಡ್ ಸುಮಾರು 200 ಅಡಿ ಎತ್ತರದ ದಿಬ್ಬ. ಗಾಜು ಮಾಡೋರು ಅದನ್ನ ಅಗೆದು ಒಯ್ದರು. ಮನ್ಸೀ ಊರಿನ ಬಾಲ್ ಕಂಪನಿಯ ಉಪ್ಪಿನಕಾಯಿ ಜಾಡಿಗಳಲ್ಲಿ ಆ ಮರಳು ಇದೆ. 1920ರ ಹೊತ್ತಿಗೆ ದಿಬ್ಬವೇ ಇರಲಿಲ್ಲ. ಆ ಜಾಗದಲ್ಲಿ ಆಮೇಲೆ ಪವರ್ ಪ್ಲಾಂಟ್ ಬಂತು.

1916ರಲ್ಲಿ ಸ್ಟೀಫನ್ ಮೇಥರ್ ಇಲ್ಲಿ ರಾಷ್ಟ್ರೀಯ ಉದ್ಯಾನ ಮಾಡೋಣ ಅಂತ ಶಿಕಾಗೋದಲ್ಲಿ ಸಭೆ ಕರೆದ. ಮರುವರ್ಷ ಅಮೆರಿಕ ಯುದ್ಧಕ್ಕಿಳಿಯಿತು, ವಿಷಯ ಅಲ್ಲಿಗೇ ನಿಂತಿತು. 1925ರಲ್ಲಿ ಸುಮಾರು 3 ಮೈಲಿ ದಡ ಉಳಿಸಿಕೊಂಡು ಒಂದು ರಾಜ್ಯ ಉದ್ಯಾನವಾಯ್ತು, ಅಷ್ಟೇ.

ನಿಜವಾದ ಜಗಳ ಶುರುವಾಗಿದ್ದು 1952ರ ನಂತರ. ಡೊರೊಥಿ ಬ್ಯುಯೆಲ್ 'ಸೇವ್ ದ ಡ್ಯೂನ್ಸ್ ಕೌನ್ಸಿಲ್' ಕಟ್ಟಿದರು. ಇಂಡಿಯಾನಾದ ರಾಜಕಾರಣಿಗಳಿಗೆ ಬಂದರು ಬೇಕು, ಸ್ಟೀಲ್ ಬೇಕು, ಕೆಲಸ ಬೇಕು. ಅದೂ ತಪ್ಪಲ್ಲ, ಹೊಟ್ಟೆಪಾಡಿನ ಪ್ರಶ್ನೆ. ಹಾಗಾಗಿ ಸೆನೆಟ್‌ನಲ್ಲಿ ಇವರ ಪರ ನಿಂತವನು ಪಕ್ಕದ ಇಲಿನಾಯ್ಸ್ ರಾಜ್ಯದ ಪಾಲ್ ಡಗ್ಲಸ್! ಮಸೂದೆ ಎಳೆದಾಡ್ತಾ ಇರುವಾಗಲೇ ಬೆತ್ಲಹೆಮ್ ಸ್ಟೀಲ್ ಕಂಪನಿ ಮಧ್ಯದ ದಿಬ್ಬಗಳನ್ನ ಸಮತಟ್ಟು ಮಾಡಿತು. ಆ ಮರಳು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯಕ್ಕೆ ಮಾರಾಟವಾಯ್ತು. ಅವರು ಸರೋವರ ತುಂಬಿಸಿ ಕ್ಯಾಂಪಸ್ ಹಿಗ್ಗಿಸಿಕೊಂಡರು. ಇಕಾಲಜಿ ಕಲಿಸಿದ ದಡದ ಮರಳಿನ ಮೇಲೆ ಇನ್ನೊಂದು ವಿಶ್ವವಿದ್ಯಾಲಯ ನಿಂತಿದೆ, ನೋಡಿ.

ಕೊನೆಗೆ ರಾಜಿ ಆಯ್ತು, ಬಂದರೂ ಇರಲಿ, ಪಾರ್ಕೂ ಇರಲಿ ಅಂತ. ನನ್ನ ಪ್ರಕಾರ ಇದನ್ನ ಬರೀ ಗೆಲುವು ಅಂತ ಹೇಳೋಕಾಗಲ್ಲ. ಉಳಿಸಬೇಕು ಅಂತ ಹೊರಟ ದಿಬ್ಬಗಳಲ್ಲಿ ಎಷ್ಟೋ ಅಷ್ಟರಲ್ಲಿ ಹೋಗಿಬಿಟ್ಟಿದ್ದವು. ಆದ್ರೆ ರಾಜಿ ಇಲ್ಲದಿದ್ರೆ ಉಳಿದದ್ದೂ ಉಳೀತಿತ್ತಾ, ಅನುಮಾನ. ಇವತ್ತು ಮ್ಯಾಪ್ ತೆಗೆದರೆ ಪಾರ್ಕು ತೇಪೆ ಹಾಕಿದ ಬಟ್ಟೆ ಥರ ಕಾಣೋದು ಇದಕ್ಕೇ. 2019ರಲ್ಲಿ 'ನ್ಯಾಷನಲ್ ಪಾರ್ಕ್' ಅನ್ನೋ ಹೆಸರೂ ಸಿಕ್ಕಿತು, ಮೇಥರ್ ಕೇಳಿ 103 ವರ್ಷಕ್ಕೆ.

ಡಗ್ಲಸ್ ವಿಷಯ ಹೇಳಿ ಮುಗಿಸ್ತೀನಿ. ಅಧ್ಯಕ್ಷ ಜಾನ್ಸನ್ ಕಾಯ್ದೆಗೆ ಸಹಿ ಹಾಕಿದ್ದು 1966ರ ನವೆಂಬರ್ 5ಕ್ಕೆ. ಮೂರೇ ದಿನಕ್ಕೆ ಚುನಾವಣೆ ನಡೆದು ಡಗ್ಲಸ್ ಸೋತ.