ನಲವತ್ತು ಮೀಟರಿನಲ್ಲಿ ರಾಜ್ಯೋತ್ಸವ

ಅಪ್ಪನ ಸರ್ವಿಸ್ ಬುಕ್ಕಿನ ಜೆರಾಕ್ಸ್ ಪ್ರತಿ ಈಗಲೂ ನನ್ನ ಹತ್ತಿರ ಇದೆ. ಪೆನ್ಶನ್ ಕಾಗದಗಳ ಜೊತೆ ಬಂದದ್ದು. ಅದರಲ್ಲಿ ಒಂದು ಪುಟವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಒಂದು ಸಾಲಿನಲ್ಲಿ 31-10-1956ರ ತನಕ ಮುಂಬಯಿ ಸರ್ಕಾರದ ಗುಮಾಸ್ತ, ಊರು ಪೂನಾ. ಕೆಳಗಿನ ಸಾಲಿನಲ್ಲಿ 1-11-1956ರಿಂದ ಮೈಸೂರು ಸರ್ಕಾರದ ಗುಮಾಸ್ತ. ಮನುಷ್ಯ ಅದೇ ಕುರ್ಚಿಯಲ್ಲಿ ಕೂತಿದ್ದಾನೆ, ರಾತ್ರೋರಾತ್ರಿ ಧಣಿ ಬದಲಾಗಿದ್ದಾನೆ! ಮೀಟರ್ ಗೇಜ್ ರೈಲು ಹತ್ತಿ ಧಾರವಾಡಕ್ಕೆ ಹೋಗಿ ಹಾಜರಾದದ್ದು ಕೆಲವು ತಿಂಗಳ ನಂತರ.

ಅದೇ ಪುಣೆಗೆ 1991ರಲ್ಲಿ ಬ್ಯಾಂಕಿನ ವರ್ಗದ ಮೇಲೆ ನಾನು ಬಂದೆ. ಮೂರು ವರ್ಷಕ್ಕೆ ಅಂತ ಬಂದದ್ದು. ನಡುವೆ ಎರಡು ಕಡೆ ವರ್ಗವಾದರೂ ಸಂಸಾರ ಕ್ಯಾಂಪ್ ಬಿಟ್ಟು ಅಲುಗಲಿಲ್ಲ. ಕಯಾನಿ ಬೇಕರಿಯ ಬಿಸ್ಕೀಟಿನ ವಾಸನೆ ಹಿಡಿದ ಮೇಲೆ ಬಿಡೋದು ಕಷ್ಟ ಬಿಡಿ.

ಇವತ್ತು ಹೇಳಹೊರಟದ್ದು 2006ರ ನವೆಂಬರಿನ ಮಾತು. ಸುವರ್ಣ ಕರ್ನಾಟಕದ ಹೊತ್ತಿಗೆ ನಾವು ಐದಾರು ಜನ ಕ್ಯಾಂಪಿನ ಒಂದು ತಾರಸಿಯಿಂದ ನಡೆಸಿದ ಹ್ಯಾಮ್ ರೇಡಿಯೊ ಕಾರ್ಯಕ್ರಮದ್ದು. ಆದರೆ ಅದಕ್ಕೆ ಮೊದಲು ಸ್ವಲ್ಪ ಹಳೆಯ ಕಥೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಸ್ವಲ್ಪ ಸಹಿಸಿಕೊಳ್ಳಿ.

ಹ್ಯಾಮ್ ಅಂದರೆ ಏನು ಅಂತ ಕೇಳುವವರಿಗೆ: ಸರ್ಕಾರದ ಪರೀಕ್ಷೆ ಪಾಸು ಮಾಡಿ, ಲೈಸೆನ್ಸ್ ಪಡೆದು, ಸ್ವಂತ ಕರೆಸಂಕೇತ ಇಟ್ಟುಕೊಂಡು, ಮನೆಯಿಂದಲೇ ರೇಡಿಯೊ ಮೂಲಕ ಇನ್ನೊಬ್ಬ ಹವ್ಯಾಸಿಯ ಜೊತೆ ಮಾತಾಡುವವನು. ಹಾಡು ಹಾಕಿ ಊರಿಗೆಲ್ಲ ಕೇಳಿಸುವ ಪ್ರಸಾರ ಅಲ್ಲ ಇದು, ಇಬ್ಬರ ನಡುವಿನ ಮಾತು. ನಮ್ಮ ದೇಶದಲ್ಲಿ ಸಂಕೇತ ಸಾಮಾನ್ಯವಾಗಿ ವಿಯು ಅಂತ ಶುರುವಾಗುತ್ತದೆ. ಯಾವುದಾದರೂ ಜಯಂತಿ, ವಾರ್ಷಿಕೋತ್ಸವ ಬಂದಾಗ ದಿಲ್ಲಿಯಿಂದ ಅನುಮತಿ ಪಡೆದು ಕೆಲವು ದಿನಕ್ಕೆ ಬೇರೆ ಸಂಕೇತ ಬಳಸಬಹುದು. ಜಗದೀಶಚಂದ್ರ ಬೋಸರ ಜನ್ಮದಿನ ನವೆಂಬರ್ 30. ಆ ಹೊತ್ತಿಗೆ ನಮ್ಮ ಮಹಾರಾಷ್ಟ್ರದಿಂದಲೇ 'ಎಯು2ಜೆಸಿಬಿ' ಎಂಬ ಸಂಕೇತ ಎಷ್ಟೋ ವರ್ಷ ಗಾಳಿಗೆ ಬಂದಿದೆ. ಅವರ ಜೊತೆ ಮಾತಾಡಿದವರಿಗೆ ಗುರುತಿಗೆ ಒಂದು ಕಾರ್ಡು. ಅದನ್ನು ಕ್ಯೂಎಸ್‌ಎಲ್ ಕಾರ್ಡ್ ಅನ್ನುತ್ತೇವೆ. ಅಂಚೆಚೀಟಿ ಕೂಡಿಸುವವರ ಹಾಗೆ ಇದನ್ನು ಕೂಡಿಸುವ ಹುಚ್ಚು.

ನಾನು ಬಿಕಾಂ ಓದಿದವನು. ಓಮನ ನಿಯಮ ತಲೆಗೆ ಹತ್ತಲು ಆರು ತಿಂಗಳು ಬೇಕಾಯಿತು. ಮೋರ್ಸ್ ಸಂಕೇತ ಮಾತ್ರ ಬೇಗ ಬಂತು, ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಬೆರಳು ಪಳಗಿತ್ತು ನೋಡಿ. ಲಾಗ್ ಬುಕ್ ಬರೆಯುವುದಂತೂ ನನಗೆ ಹೇಳಿಕೊಡಬೇಕಾಗಿರಲಿಲ್ಲ. ತಾರೀಖು, ವೇಳೆ, ಯಾರು, ಎಷ್ಟು... ಲೆಡ್ಜರೇ ಅದು.

ನಮ್ಮ ಪುಣೆಗೂ ರೇಡಿಯೊಗೂ ಹಳೆಯ ನಂಟು. 1927ರಲ್ಲಿ ಇಂಗ್ಲೆಂಡಿಗೆ ನೇರವಾಗಿ ತಂತಿಯಿಲ್ಲದೆ ಸಂದೇಶ ಕಳಿಸುವ ಬೀಮ್ ವೈರ್‌ಲೆಸ್ ಸೇವೆ ಶುರುವಾದಾಗ ಅದರ ನೆಲೆಗಳು ಇದ್ದದ್ದು ಖಡಕಿ ಮತ್ತು ದೌಂಡಿನಲ್ಲಿ. ದಿನಾ ಲೋಕಲ್ ರೈಲಿನಲ್ಲಿ ದೌಂಡ್ ದಾಟುವವರಿಗೆ ಇದು ಗೊತ್ತೇ ಇರುವುದಿಲ್ಲ.

ಕನ್ನಡದ ಕಡೆ ಬಂದರೆ ಕಥೆ ಇನ್ನೂ ಚೆಂದ. 1935ರ ಸೆಪ್ಟೆಂಬರಿನಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಡಾ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆ 'ವಿಠ್ಠಲ ವಿಹಾರ'ದಿಂದ ಬಾನುಲಿ ಶುರು ಮಾಡಿದರು. ಒಂದು ಮನೆಬಲ್ಬಿಗೆ ಬೇಕಾಗುವಷ್ಟು ಶಕ್ತಿಯ ಯಂತ್ರ. 'ಆಕಾಶವಾಣಿ' ಎಂಬ ಹೆಸರು ರೇಡಿಯೊಗೆ ಅಂಟಿದ್ದು ಅಲ್ಲೇ. ಹೆಸರು ಸೂಚಿಸಿದವರು ಅವರೇ ಅಂತ ಕೆಲವರು, ನಾ. ಕಸ್ತೂರಿ ಅಂತ ಕೆಲವರು. ಇಬ್ಬರೂ ನಮ್ಮವರೇ, ಜಗಳ ಬೇಡ. 1940ರ ದಶಕದ ಮೊದಲಲ್ಲಿ ಸಂಸ್ಥಾನ ಅದನ್ನು ವಹಿಸಿಕೊಂಡಿತು, 1950ರಲ್ಲಿ ಆಲ್ ಇಂಡಿಯಾ ರೇಡಿಯೊಗೆ ಸೇರಿತು, 1955ರಲ್ಲಿ ಬೆಂಗಳೂರಿಗೆ ಹೋಯಿತು. ಇವರು ಮಾಡಿದ್ದು ಪ್ರಸಾರ, ನಾವು ಮಾಡುವುದು ಮಾತುಕತೆ, ಸರಿ. ಆದರೆ ಮನೆಯ ಕೋಣೆಯಲ್ಲಿ ಕೂತು ಗಾಳಿಯಲ್ಲಿ ಕನ್ನಡ ಹರಿಬಿಡುವ ಹಂಬಲ ಒಂದೇ.

ಬ್ರಿಟಿಷ್ ಇಂಡಿಯಾದಲ್ಲಿ ಮಾತ್ರ 1939ರಲ್ಲಿ ಮಹಾಯುದ್ಧ ಶುರುವಾದ ಕೂಡಲೇ ಹ್ಯಾಮ್‌ಗಳ ಲೈಸೆನ್ಸ್ ರದ್ದಾದವು. ಯಂತ್ರ ತಂದು ಒಪ್ಪಿಸಿ ಅಂದರು. ಎಲ್ಲರೂ ಒಪ್ಪಿಸಲಿಲ್ಲ ಅನ್ನುವುದು 1942ರಲ್ಲಿ ಮುಂಬಯಿಯಲ್ಲಿ ಉಷಾ ಮೆಹತಾ ಮತ್ತು ಗೆಳೆಯರು ಗುಪ್ತವಾಗಿ ಕಾಂಗ್ರೆಸ್ ರೇಡಿಯೊ ನಡೆಸಿದಾಗ ಗೊತ್ತಾಯಿತು. ಅವರಿಗೆ ಯಂತ್ರದ ಏರ್ಪಾಟು ಮಾಡಿಕೊಟ್ಟ ನರಿಮನ್ ಪ್ರಿಂಟರ್ ಕೂಡ ಹ್ಯಾಮ್ ಆಗಿದ್ದವರೇ. ಸ್ವಾತಂತ್ರ್ಯ ಬಂದ ಮೇಲೆ, 1948ರಲ್ಲಿ, ಮಧ್ಯಭಾರತದ ಮ್ಹೌ ಊರಿನ ಸೈನ್ಯದ ಸಿಗ್ನಲ್ಸ್ ಶಾಲೆಯಲ್ಲಿ ದೇಶದ ಹ್ಯಾಮ್ ಸಂಘ ಹುಟ್ಟಿತು. ಕ್ಯಾಂಪಿನ ನಮ್ಮ ಗುರುಗಳು ಅದೇ ಮ್ಹೌದಲ್ಲಿ ಕಲಿತು ಬಂದ ನಿವೃತ್ತ ಸುಭೇದಾರರು. ಅಪ್ಪಟ ಮರಾಠಿ ಮನುಷ್ಯ. ಕನ್ನಡದಲ್ಲಿ ಅವರಿಗೆ ಬರುತ್ತಿದ್ದದ್ದು 'ಊಟ ಆಯ್ತಾ' ಒಂದೇ.

ಈಗ 2006ಕ್ಕೆ ಬರೋಣ. ಏಕೀಕರಣಕ್ಕೆ 50 ತುಂಬಿತ್ತು. ಬೆಂಗಳೂರಲ್ಲಿ ಭರ್ಜರಿ ಉತ್ಸವ. ನಮಗೂ ಹುರುಪು. ಆದರೆ ಹುರುಪು ಬಂದದ್ದು ಸೆಪ್ಟೆಂಬರ್ ಕೊನೆಗೆ. ವಿಶೇಷ ಸಂಕೇತಕ್ಕೆ ಅರ್ಜಿ ಹಾಕುವಷ್ಟು ಸಮಯ ಉಳಿದಿರಲಿಲ್ಲ. ತಪ್ಪು ನಮ್ಮದೇ. ನಮ್ಮ ನಮ್ಮ ಮಾಮೂಲಿ ಸಂಕೇತದಲ್ಲೇ 'ಸುವರ್ಣ ಕರ್ನಾಟಕ, ಪುಣೆ ಕ್ಯಾಂಪ್' ಅಂತ ಕರೆಯುವುದು, ಮಾತಾಡಿದವರಿಗೆಲ್ಲ ಒಂದು ಕಾರ್ಡು ಕಳಿಸುವುದು ಅಂತ ತೀರ್ಮಾನವಾಯಿತು. ಇನ್ನೊಂದು ತೊಡಕು: ನವೆಂಬರ್ ಒಂದು ಬುಧವಾರ. ಕರ್ನಾಟಕದಲ್ಲಿ ರಜೆ, ನಮಗೆ ಬ್ಯಾಂಕು! ಹೀಗಾಗಿ ಬುಧವಾರ ಬೆಳಿಗ್ಗೆ ಆರರಿಂದ ಎಂಟೂವರೆ, ಆಮೇಲೆ ಐದನೇ ತಾರೀಖು ಭಾನುವಾರ ಮಧ್ಯಾಹ್ನದ ತನಕ.

ಮೊದಲ ಜಗಳ ಹಾಡಿನದು. ನಾವೆಲ್ಲ ಕಾಕಾ ಅನ್ನುವ ಹಿರಿಯರೊಬ್ಬರು ಧನಸಹಾಯ ಮಾಡುತ್ತೇನೆ ಅಂದಿದ್ದರು. ಅವರ ಷರತ್ತು ಒಂದೇ: ಆರಂಭದಲ್ಲಿ ನಾಡಗೀತೆ ಆಗಬೇಕು. 2004ರಲ್ಲಷ್ಟೇ ಕುವೆಂಪು ಅವರ ಗೀತೆ ಅಧಿಕೃತ ನಾಡಗೀತೆ ಆಗಿತ್ತು. ಹ್ಯಾಮ್ ನಿಯಮದಲ್ಲಿ ಸಂಗೀತ ಹರಿಬಿಡುವಂತಿಲ್ಲ, ರಾಜಕೀಯ, ವ್ಯಾಪಾರ ಮಾತಾಡುವಂತಿಲ್ಲ, ಲೈಸೆನ್ಸ್ ಇಲ್ಲದವರ ಕೈಗೆ ಮೈಕ್ ಕೊಡುವಂತಿಲ್ಲ. ಇಷ್ಟು ಹೇಳುವಷ್ಟರಲ್ಲಿ ಕಾಕಾ ಸಿಟ್ಟಾದರು.

"ಹಾಡ ಇಲ್ಲ, ಭಾಷಣ ಇಲ್ಲ, ನಾ ಮಾತಾಡೂಹಂಗಿಲ್ಲ. ಮತ್ತ ಇದೆಂಥಾ ರಾಜ್ಯೋತ್ಸವಪಾ ನಿಮ್ಮದು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಡಗೀತೆಯನ್ನು ತಾರಸಿಯಲ್ಲಿ ಎಲ್ಲರೂ ನಿಂತು ಹಾಡೋಣ, ಆಮೇಲೆ ಯಂತ್ರ ಹಚ್ಚೋಣ ಅಂದೆವು. ಒಪ್ಪಿದರು, ಅರೆಮನಸ್ಸಿನಿಂದ.

ಎರಡನೇ ಜಗಳ ನಿಜವಾದದ್ದು. ಕಾರ್ಡಿನ ಮೇಲೆ ಕರ್ನಾಟಕದ ನಕಾಶೆ ಹಾಕಬೇಕು ಅಂತ ನಮ್ಮಲ್ಲೊಬ್ಬ ಹಟ ಹಿಡಿದ. ಆ ದಿನಗಳು ನೆನಪಿರಬಹುದು ನಿಮಗೆ. ಗಡಿ ವಿಷಯದಲ್ಲಿ ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2006ರ ಸೆಪ್ಟೆಂಬರಿನಲ್ಲಿ ಬೆಳಗಾವಿಯಲ್ಲಿ ಕರ್ನಾಟಕದ ವಿಧಾನಮಂಡಲ ಅಧಿವೇಶನ ನಡೆದು ಎರಡೂ ಕಡೆ ಬಿಸಿ ಏರಿತ್ತು. ನಾವು ಇರುವುದು ಪುಣೆಯಲ್ಲಿ, ತಾರಸಿ ಮರಾಠಿ ಸೊಸಾಯಿಟಿಯದು, ಗುರುಗಳು ಸುಭೇದಾರ್ ಸಾಹೇಬರು. ಗೆರೆ ಎಳೆದ ಕಾರ್ಡು ಊರೂರಿಗೆ ಹೋಗುವುದೆಂದರೆ... ನನಗೆ ಅಂಜಿಕೆ ಇತ್ತು ಅಂತಲೇ ಹೇಳುತ್ತೇನೆ. ಅಂಜುಬುರುಕ ಅಂತ ಅವನು ಅಂದ. ಎರಡು ದಿನ ಮಾತು ಬಿಟ್ಟೆವು.

ಸಾಹೇಬರಿಗೆ ಹೇಗೋ ಸುದ್ದಿ ಮುಟ್ಟಿತು. ನಕಾಶೆಯ ಬಗ್ಗೆ ಅವರು ಏನೂ ಅನ್ನಲಿಲ್ಲ. "ನಿಮ್ಮ ರಾಜ್ಯ ಎಷ್ಟು ತುಂಡು ಸೇರಿಸಿ ಮಾಡಿದ್ದು?" ಅಂತ ಮರಾಠಿಯಲ್ಲಿ ಕೇಳಿದರು. ನಾನು ಎಣಿಸಿದೆ. ಹಳೆಯ ಮೈಸೂರು, 1953ರಲ್ಲಿ ಅದಕ್ಕೆ ಸೇರಿದ ಬಳ್ಳಾರಿ ಸಹಿತ. ಮುಂಬಯಿ ರಾಜ್ಯದಿಂದ ಧಾರವಾಡ, ಬಿಜಾಪುರ, ಬೆಳಗಾವಿ, ಕಾರವಾರ ಸೀಮೆ. ಅದರಲ್ಲಿ ಚಂದಗಡ ತಾಲೂಕು ಆಚೆ ಉಳಿಯಿತು. ಹೈದರಾಬಾದಿನಿಂದ ಬೀದರ, ಗುಲ್ಬರ್ಗ, ರಾಯಚೂರು. ಮದ್ರಾಸಿನಿಂದ ದಕ್ಷಿಣ ಕನ್ನಡ, ಕೊಳ್ಳೇಗಾಲ. ಕಾಸರಗೋಡು ಕೇರಳಕ್ಕೆ ಹೋಯಿತು. ಮತ್ತೆ ಕೊಡಗು. ಒಟ್ಟು ಐದು.

"ಹಾಗಾದರೆ ಐದನ್ನೂ ರೇಡಿಯೊದಲ್ಲಿ ಹಿಡಿಯಿರಿ. ಮಾತಾಡಿದವನ ಊರು 1956ಕ್ಕೆ ಮೊದಲು ಯಾವ ರಾಜ್ಯದಲ್ಲಿತ್ತು ಅಂತ ಕೇಳಿ ಲಾಗಿನಲ್ಲಿ ಬರೆಯಿರಿ. ಧಾರವಾಡದವನೂ ನಾನೂ ಆಗ ಒಂದೇ ರಾಜ್ಯ, ಗೊತ್ತಲ್ಲ?"

ಗೊತ್ತಿತ್ತು, ಅಪ್ಪನ ಸರ್ವಿಸ್ ಬುಕ್ಕೇ ಇತ್ತಲ್ಲ! ಆದರೆ ಹೀಗೆ ಹೊಳೆದಿರಲಿಲ್ಲ. ಅಲ್ಲದೆ ಏಕೀಕರಣದ ಕನಸಿಗೂ ಈ ಊರಿನ ನೀರು ತಾಗಿದೆ. ಆಲೂರು ವೆಂಕಟರಾಯರು ಓದಿದ್ದು ಇಲ್ಲಿನ ಫರ್ಗ್ಯುಸನ್ ಕಾಲೇಜಿನಲ್ಲಿ, ಬೇಂದ್ರೆಯವರೂ ಅಲ್ಲೇ. ತಿಲಕರ ಗೀತಾರಹಸ್ಯವನ್ನು ಕನ್ನಡಕ್ಕೆ ತಂದವರೂ ಆಲೂರರೇ. ಕನ್ನಡಿಗರಿಗೊಂದು ರಾಜ್ಯ ಬೇಕು ಅಂತ ಜೀವ ತೇದ ಮನುಷ್ಯನಿಗೆ ಮರಾಠಿ ಓದುವುದು ಅಡ್ಡಿಯಾಗಲಿಲ್ಲ. ಇದನ್ನು ನಕಾಶೆಯ ಗೆಳೆಯನಿಗೆ ಹೇಳಿದೆ. ಸುಮ್ಮನಾದ. ಕಾರ್ಡಿನ ಮೇಲೆ ಕೊನೆಗೆ ನಕಾಶೆ ಇಲ್ಲ, ಐದು ರಾಜ್ಯಗಳ ಹೆಸರು ಮತ್ತು ಮುಂದೆ ಗುರುತು ಹಾಕಲು ಐದು ಚೌಕ.

ತಾರಸಿಯಲ್ಲಿ ಇಪ್ಪತ್ತು ಮೀಟರ್ ತಾಮ್ರದ ತಂತಿ ಕಟ್ಟಿದೆವು, ನೀರಿನ ಟ್ಯಾಂಕಿನಿಂದ ಲಿಫ್ಟ್ ಕೋಣೆಗೆ. ಎತ್ತರ ಕಡಿಮೆ ಆಯಿತು ಅಂತ ನನಗೆ ಬೇಸರ. ಸಾಹೇಬರು ನಕ್ಕರು. ತಂತಿ ಕೆಳಗಿದ್ದರೆ ಅಲೆ ನೆಟ್ಟಗೆ ಮೇಲೆ ಹೋಗಿ, ಆಕಾಶದ ವಿದ್ಯುತ್ ಪದರಕ್ಕೆ ತಾಗಿ, ನಾಲ್ಕೈದು ನೂರು ಕಿಲೋಮೀಟರಿನ ಒಳಗೆ ಮಳೆಯ ಹಾಗೆ ಇಳಿಯುತ್ತದೆ. ಧಾರವಾಡ ನಮಗೆ ಬೇಕಾದಷ್ಟೇ ದೂರ. ಅಮೆರಿಕಾ ಬೇಕಾದವನಿಗೆ ಕೆಟ್ಟ ಆಂಟೆನಾ, ಊರಿಗೆ ಮಾತಾಡುವವನಿಗೆ ಒಳ್ಳೆಯದು. ನಾವು ಆರಿಸಿಕೊಂಡದ್ದು 7 ಮೆಗಾಹರ್ಟ್ಸ್, ಅಂದರೆ ನಲವತ್ತು ಮೀಟರ್ ಪಟ್ಟಿ. ಹಗಲಿಗೆ ಅದೇ ಸರಿ. ಕತ್ತಲಾದರೆ ಹತ್ತಿರದವರು ಮಾಯವಾಗಿ ದೂರದವರು ಬರುತ್ತಾರೆ. 7100 ಕಿಲೋಹರ್ಟ್ಸ್‌ನ ಆಚೆಗೆ ಆಗ ವಿದೇಶಿ ಪ್ರಸಾರ ನಿಲಯಗಳ ಗದ್ದಲ. ಅವು ಅಲ್ಲಿಂದ ಜಾಗ ಬಿಟ್ಟದ್ದು 2009ರಲ್ಲಿ.

ಬುಧವಾರ ನಾಡಗೀತೆ ಹಾಡಿದೆವು. ಕಾಕಾ ಕಣ್ಣೊರೆಸಿಕೊಂಡರು. ಯಂತ್ರ ಹಚ್ಚಿದರೆ ಒಂದು ತಾಸು ಬರೀ ಕೊರಕೊರ ಸದ್ದು. ಕೊನೆಗೆ ಬೆಂಗಳೂರಿನವರೊಬ್ಬರು ಸಿಕ್ಕರು, ಮೈಸೂರಿಗೆ ಗುರುತು ಬಿತ್ತು. ಅಷ್ಟೇ, ಬ್ಯಾಂಕಿಗೆ ಓಡಿದೆ.

ಭಾನುವಾರ ಬೇರೆಯೇ ಕಥೆ. ಸುದ್ದಿ ಬಾಯಿಂದ ಬಾಯಿಗೆ ಹಬ್ಬಿತ್ತು. ಮಂಗಳೂರು ಬಂತು, ಮದ್ರಾಸಿಗೆ ಗುರುತು. ಬೆಳಗಾವಿ ಬಂತು. ಅವರ ಜೊತೆ ಸಾಹೇಬರು ಮರಾಠಿಯಲ್ಲೇ ಮಾತಾಡಿದರು, ಮುಗಿಸುವಾಗ 'ಊಟ ಆಯ್ತಾ' ಅಂದರು. ಮಡಿಕೇರಿ ಹನ್ನೊಂದರ ಹೊತ್ತಿಗೆ ಬಹಳ ಸಣ್ಣಗೆ ಕೇಳಿಸಿತು. ನಾನು ಮೂರು ಸಲ ಹೆಸರು ಕೇಳಿ ಬರೆದುಕೊಂಡೆ. ಒಟ್ಟು 41 ಸಂಪರ್ಕ. ಐದನೆಯ ಚೌಕ ಮಾತ್ರ ಖಾಲಿ. ಬೀದರ, ಗುಲ್ಬರ್ಗ, ರಾಯಚೂರು ಅಂತ ಕೂಗಿ ಕೂಗಿ ಗಂಟಲು ಹೋಯಿತು, ಆ ಬೆಳಿಗ್ಗೆ ಯಾರೂ ಓಗೊಡಲಿಲ್ಲ. ಕಾಗದದ ಮೇಲೆ ಸೇರಿದ್ದು ಗಾಳಿಯಲ್ಲಿ ಸೇರಬೇಕಲ್ಲ... 50 ವರ್ಷದ ನಂತರವೂ ಆ ಕಡೆಯ ಮಾತು ನಮ್ಮ ಕಿವಿಗೆ ತಡವಾಗಿಯೇ ಬೀಳುತ್ತದೆ ಅಂತ ನನಗೆ ಅನ್ನಿಸಿದ್ದು ನಿಜ.

ಧಾರವಾಡ ಸಿಕ್ಕದ್ದು ಹನ್ನೆರಡು ಹೊಡೆಯುವ ಮೊದಲು. ಅಲ್ಲಿನ ಗೆಳೆಯರೊಬ್ಬರಿಗೆ ಹೇಳಿಟ್ಟಿದ್ದೆ. ಅಪ್ಪನನ್ನು ಮನೆಗೆ ಕರೆಸಿ ಸ್ಪೀಕರಿನ ಮುಂದೆ ಕೂರಿಸಿದ್ದರು. ಎಪ್ಪತ್ತೈದು ದಾಟಿದ ಮನುಷ್ಯ ಕೋಟು ಹಾಕಿಕೊಂಡು ಬಂದಿದ್ದರಂತೆ. ಅವರು ಮಾತಾಡುವಂತಿಲ್ಲ, ಕೇಳಬಹುದು ಅಷ್ಟೇ. ನಾನು ಪುಣೆ ಕ್ಯಾಂಪಿನಿಂದ ಅಂದೆ, ನಿಮ್ಮ ಊರು 1956ಕ್ಕೆ ಮೊದಲು ಯಾವ ರಾಜ್ಯ ಅಂತ ಕೇಳಿದೆ. ಆ ಗೆಳೆಯರು ಮುಂಬಯಿ ಅಂದರು. ನನ್ನದೂ ಮುಂಬಯಿ ಅಂದೆ. "ನಿಮ್ಮ ತಂದಿಯವರು ಇಲ್ಲೇ ಕೂತಾರ, ತಲಿ ಹಾಕಲಿಕ್ಕೆ ಹತ್ಯಾರ" ಅಂದರು. ಆಮೇಲೆ ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. 59 ಅಂತ ಸಿಗ್ನಲ್ ವರದಿ ಕೊಟ್ಟು ಮುಗಿಸಿದೆ.

ರಾತ್ರಿ ಅಪ್ಪನೇ ಫೋನ್ ಮಾಡಿದರು.

"ಆವಾಜ ಬಂತಪಾ, ಮಗ್ಗಲದಾಗ ಕೂತಂಗ ಬಂತು. ಎಲ್ಲಾ ಖರೆ, ಆದರ ನೀ ನಡುನಡುವ ಓವರ್ ಓವರ್ ಅಂತ ಯಾಕ ಒದರತಿದ್ದಿ?"

ನಾನು ಮಾತಾಡಿ ಮುಗಿಸಿದೆ, ಇನ್ನು ನೀವು ಮಾತಾಡಿ ಅಂತ ಅದರ ಅರ್ಥ ಅಂದೆ.

"ಹೌದೇನು? ನನಗ ಮಾತಾಡೂಹಂಗಿಲ್ಲ ಅಂತ ಹೇಳಿ ಕೂರಿಸಿದ್ದರಲ್ಲೋ" ಅಂದರು.