ವಿವಾಹ, ಧರ್ಮಸಮ್ಮತಿ ಮತ್ತು ರಾಜಶಾಸನ

ಧರ್ಮವು ಒಪ್ಪದ ವಿವಾಹವನ್ನು ಪ್ರಭುತ್ವವು ಮಾನ್ಯ ಮಾಡಬಹುದೇ ಎಂಬ ಪ್ರಶ್ನೆ ಹೊಸದಲ್ಲ. ಸಲಿಂಗ ವಿವಾಹದ ಸಂಬಂಧವಾಗಿ ಅದು 2023ರಲ್ಲಿ ಸರ್ವೋಚ್ಚ ನ್ಯಾಯಾಲಯದ ವಿಚಾರಣೆಗೆ ಬಂದಿತಾದರೂ, ಶರಣಸಾಹಿತ್ಯವನ್ನು ಬಲ್ಲವರಿಗೆ ಅದು 12ನೆಯ ಶತಮಾನದ ಕಲ್ಯಾಣದಿಂದಲೂ ಪರಿಚಿತವಾದುದೇ ಆಗಿದೆ.

ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಕುಲದಿಂದ ಬಂದ ಮಧುವರಸರ ಮಗಳಿಗೂ ನಡೆದ ವಿವಾಹದ ವಿವರಗಳು ನಂತರದ ಕಾವ್ಯ-ಪುರಾಣಗಳಿಂದ ತಿಳಿದುಬರುವಂಥವು. ಅವುಗಳಲ್ಲಿ ಪರಸ್ಪರ ಭೇದಗಳೂ ಉಂಟು. ಆದರೆ ಪರಂಪರೆಯು ನೆನೆಯುವ ಮುಖ್ಯಾಂಶವೊಂದಿದೆ. ಲಿಂಗದೀಕ್ಷೆ ಪಡೆದವರಲ್ಲಿ ಕುಲಭೇದವಿಲ್ಲವೆಂದು ಶರಣರು ಈ ಸಂಬಂಧವನ್ನು ಒಪ್ಪಿದರು. ಒಪ್ಪದವರು ವರ್ಣಾಶ್ರಮವು ಕೆಟ್ಟಿತೆಂದು ಬಿಜ್ಜಳನಲ್ಲಿ ದೂರಿತ್ತರು. ಅರಸನು ದೂರನ್ನು ಎತ್ತಿಹಿಡಿದು ಎಳೆಹೂಟೆಯ ಶಿಕ್ಷೆ ವಿಧಿಸಿದನು. ಶರಣರು ವೈದಿಕ ಪುರೋಹಿತರನ್ನು ಕರೆದು ಮದುವೆ ಮಾಡಿಸಿಕೊಡಿರೆಂದು ಬಲಾತ್ಕರಿಸಿರಲಿಲ್ಲ. ಒಬ್ಬರ ಶಾಸ್ತ್ರವನ್ನು ಮತ್ತೊಬ್ಬರ ಮೇಲೆ ಹೇರಲು ಸಿಂಹಾಸನವು ಮುಂದಾದುದೇ ಅನರ್ಥಕ್ಕೆ ಮೂಲವಾಯಿತು.

ಆಧುನಿಕ ಕಾಲದಲ್ಲಿಯೂ ಧಾರ್ಮಿಕ ಆಕ್ಷೇಪಕ್ಕೆ ಶಾಸನವು ಬಹುಕಾಲ ಮಣಿದುದುಂಟು. ಕೇಶವಚಂದ್ರ ಸೇನರೇ ಮೊದಲಾದ ಬ್ರಾಹ್ಮಸಮಾಜದವರ ಪ್ರಯತ್ನದಿಂದ 1872ರಲ್ಲಿ ಬಂದ ವಿಶೇಷ ವಿವಾಹ ಶಾಸನದಡಿ ವಿವಾಹವಾಗಬಯಸುವವರು ತಾವು ಹಿಂದೂ, ಮುಸಲ್ಮಾನ, ಕ್ರೈಸ್ತ ಮೊದಲಾದ ಧರ್ಮಗಳಿಗೆ ಸೇರಿದವರಲ್ಲವೆಂದು ಘೋಷಿಸಬೇಕಾಗಿತ್ತು. 1923ರ ತಿದ್ದುಪಡಿಯು ಹಿಂದೂ, ಬೌದ್ಧ, ಸಿಖ್, ಜೈನರಿಗೆ ಈ ನಿರ್ಬಂಧವನ್ನು ಸಡಿಲಿಸಿತು. ಧರ್ಮವನ್ನು ಕೇಳದೆಯೇ ವಿವಾಹವನ್ನು ಮಾನ್ಯ ಮಾಡಿದ್ದು 1954ರ ಶಾಸನ.

ಯಾದಗಿರಿ ತಾಲ್ಲೂಕಿನ ಕಡೇಚೂರು, ಶಹಾಪುರ, ಸುರಪುರ ಸೀಮೆಗಳು 1948ರವರೆಗೂ ನಿಜಾಮರ ಆಡಳಿತಕ್ಕೆ ಸೇರಿದ್ದುದರಿಂದ ಬ್ರಿಟಿಷ್ ಭಾರತದ ಶಾಸನಗಳು ಅಲ್ಲಿಗೆ ತಾವಾಗಿಯೇ ಅನ್ವಯಿಸುತ್ತಿರಲಿಲ್ಲ. ಸ್ವಾತಂತ್ರ್ಯಾನಂತರದ ಶಾಸನಗಳಾದರೋ ಕಡೇಚೂರಿಗೂ ಬೆಂಗಳೂರಿಗೂ ಸಮಾನವಾಗಿ ಸಂದವು. 1955ರ ಹಿಂದೂ ವಿವಾಹ ಶಾಸನವು ವೀರಶೈವ, ಲಿಂಗಾಯತರನ್ನು ಹೆಸರಿಸಿಯೇ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿತು; ವಧೂವರರಲ್ಲಿ ಒಬ್ಬರ ಸಂಪ್ರದಾಯದ ವಿಧಿಯಂತೆ ಮದುವೆ ನಡೆದರೂ ಸಾಕೆಂದಿತು. 1954ರ ಶಾಸನದಂತೆ ಯಾವ ಧಾರ್ಮಿಕ ವಿಧಿಯೂ ಇಲ್ಲದೆ, ವಿವಾಹಾಧಿಕಾರಿಯ ಹಾಗೂ ಮೂವರು ಸಾಕ್ಷಿಗಳ ಸಮಕ್ಷಮದಲ್ಲಿ ಮದುವೆಯಾಗಬಹುದು. ಹರಳಯ್ಯ-ಮಧುವರಸರ ಮಕ್ಕಳಿಗೆ ಅಂದು ದೊರೆಯದ ರಕ್ಷಣೆ ಹೀಗೆ ದೊರೆಯಿತು. ಮನಸ್ಸಿನಲ್ಲಿ ಒಪ್ಪದ ಪುರೋಹಿತನನ್ನು ಮಂಟಪಕ್ಕೆ ಎಳೆದು ತರುವ ಅಗತ್ಯವೂ ಬೀಳಲಿಲ್ಲ.

ಸಲಿಂಗಿಗಳ ಪ್ರಶ್ನೆ ಈ ಹಾದಿಯ ಮುಂದಿನ ಘಟ್ಟ. ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವು ಅಪರಾಧವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್ 6ರಂದು ತೀರ್ಪಿತ್ತಿತು. ವಿವಾಹದ ಹಕ್ಕನ್ನು ಕೋರಿದವರಲ್ಲಿ ಬೆಂಗಳೂರಿನ ಅಕ್ಕೈ ಪದ್ಮಶಾಲಿ ಅವರೂ ಒಬ್ಬರು. ಹಲವು ಧಾರ್ಮಿಕ ಸಂಸ್ಥೆಗಳು ಇದನ್ನು ವಿರೋಧಿಸಿದವು. 2023ರ ಅಕ್ಟೋಬರ್ 17ರಂದು ಐವರು ನ್ಯಾಯಮೂರ್ತಿಗಳ ಪೀಠವು, ವಿವಾಹವಾಗುವುದು ಸಂವಿಧಾನದತ್ತ ಮೂಲಭೂತ ಹಕ್ಕಲ್ಲವೆಂದು ಒಮ್ಮತದಿಂದ ಹೇಳಿ, ಶಾಸನವನ್ನು ಬದಲಿಸುವುದು ಶಾಸನಸಭೆಯ ಕೆಲಸವೆಂದಿತು. ಅಂತಹ ಜೋಡಿಗಳ ಸಹಜೀವನಕ್ಕೆ ಕಾನೂನಿನ ಮನ್ನಣೆ ದೊರೆಯಬೇಕೆಂಬ ಮಾತು ಇಬ್ಬರ ಅಲ್ಪಮತವಾಗಿಯೇ ಉಳಿಯಿತು.

ಇಲ್ಲಿ ವಚನಗಳು ಏನು ಹೇಳುತ್ತವೆ? ಸುರಪುರ ಸೀಮೆಯ ಮುದನೂರಿನ ದೇವರ ದಾಸಿಮಯ್ಯನವರು, ಹೆಣ್ಣು-ಗಂಡೆಂಬ ಹೆಸರು ದೇಹದ ಕುರುಹುಗಳಿಗಲ್ಲದೆ ಒಳಗಿನ ಆತ್ಮಕ್ಕೆ ಅನ್ವಯಿಸದೆಂದು ಸಾರಿದರು. ಶರಣಸತಿ-ಲಿಂಗಪತಿ ಭಾವದಲ್ಲಿ ಪುರುಷ ಶರಣರೂ ತಮ್ಮನ್ನು ಸತಿಯೆಂದು ಭಾವಿಸಿದರು. ಆದರೆ ಇವು ಆತ್ಮಸಾಧನೆಯ ಮಾತುಗಳು. ಇವುಗಳಿಂದ ಶರಣರು ಸಲಿಂಗ ವಿವಾಹವನ್ನು ಒಪ್ಪಿದ್ದರೆಂದು ಸಾಧಿಸಹೊರಟರೆ ಅದು ಇತಿಹಾಸವೆನಿಸದು. ದಾಸಿಮಯ್ಯನವರು ದುಗ್ಗಳೆಯೊಡನೆ ಗೃಹಸ್ಥಧರ್ಮವನ್ನು ನಡೆಸಿದವರು. ಸತಿಪತಿಗಳೊಂದಾದ ಭಕ್ತಿಯನ್ನು ಶರಣರು ಹಿರಿದೆಂದು ಎಣಿಸಿದರು. ಆದುದರಿಂದ ಸಂಪ್ರದಾಯನಿಷ್ಠರ ಆಕ್ಷೇಪಕ್ಕೆ ಆಧಾರವಿಲ್ಲವೆಂದು ತಳ್ಳಿಹಾಕಲಾಗದು.

ಆಧಾರವಿರುವುದು ಬೇರೆ, ಅದನ್ನು ಅನ್ಯರ ಮೇಲೆ ಹೇರುವ ಅಧಿಕಾರ ಬೇರೆ. 2001ರಲ್ಲಿ ನೆದರ್‌ಲೆಂಡ್ಸ್ ಮೊದಲು ಇಂತಹ ವಿವಾಹವನ್ನು ಮಾನ್ಯ ಮಾಡಿತು. ಇಂಗ್ಲೆಂಡಿನ 2013ರ ಶಾಸನವು ಮಾನ್ಯತೆಯನ್ನು ಕೊಟ್ಟೂ ಯಾವ ಧರ್ಮಸಂಸ್ಥೆಯನ್ನಾಗಲಿ ಪಾದ್ರಿಯನ್ನಾಗಲಿ ಇಂತಹ ಮದುವೆ ನಡೆಸಲು ಬಲಾತ್ಕರಿಸಬಾರದೆಂದು ವಿಧಿಸಿತು. ಗುರುವಿನ ಆಶೀರ್ವಾದವು ಮಠದ ಸ್ವಾತಂತ್ರ್ಯ. ವಾರಸುದಾರಿಕೆ, ಪಿಂಚಣಿ, ರೋಗಶಯ್ಯೆಯ ಬಳಿ ನಿಲ್ಲುವ ಅಧಿಕಾರ ಇವು ಪ್ರಜೆಗೆ ಪ್ರಭುತ್ವವು ಕೊಡಬೇಕಾದವು. ಮೊದಲನೆಯದರಲ್ಲಿ ಶಾಸನವು ಕೈಹಾಕಬಾರದು. ಎರಡನೆಯದನ್ನು ಧಾರ್ಮಿಕ ಆಕ್ಷೇಪವು ತಡೆಯಬಾರದು.

ಕಲ್ಯಾಣದ ಆ ವಿವಾಹಕ್ಕೆ ಕೆಲವರು ಹೋಗದೆ ಉಳಿದುದರಿಂದ ಯಾರ ಪ್ರಾಣವೂ ಹೋಗಲಿಲ್ಲ. ಅವರ ಅಸಮ್ಮತಿಯು ರಾಜಾಜ್ಞೆಯಾದಾಗಲೇ ಹರಳಯ್ಯ ಮಧುವರಸರು ಬಲಿಯಾದರು. ಅವರನ್ನು ಹುತಾತ್ಮರೆಂದು ನೆನೆಯುವ ಸಮಾಜವು ತನ್ನ ಅಸಮ್ಮತಿಯನ್ನು ತನ್ನಲ್ಲಿಯೇ ಇರಿಸಿಕೊಳ್ಳಬಹುದು. ಆದರೆ ಅದಕ್ಕೆ ಅರಸನ ದಂಡವನ್ನು ಬೇಡುವುದು ಆ ನೆನಪಿಗೆ ಸಲ್ಲದು.